ಏರಿಯಾಚೆಯ ಡ್ರಮ್ಮಕ್ಕ

ಡ್ರಮ್ಮಕ್ಕನ ಜೊತೆ ಜಗಳವಾಡದೇ ಉಳಿದವರು ಏರಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲಿತ್ತು ಅನ್ನುವುದೂ ತಪ್ಪಾದೀತು. ಮೂಗಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ಎದುರಿಗೆ ಬಂದವರಿಗೆ ಮೊದಲು ಕೋಪ ಸಿಗುತ್ತಿತ್ತು, ಆಮೇಲೆ ಅವಳು.

ನದಿ ಉಕ್ಕಿದಾಗ ನಗರ ಮುಳುಗದಿರಲಿ ಅಂತ ದಡದುದ್ದಕ್ಕೂ ಎತ್ತರದ ಮಣ್ಣಿನ ಏರಿ ಕಟ್ಟಿದ್ದರು. ಏರಿಯ ಒಂದು ಮಗ್ಗುಲಲ್ಲಿ ನಗರ, ಇನ್ನೊಂದು ಮಗ್ಗುಲಲ್ಲಿ ನದಿ. ನದಿಯ ಮೇಲೆ, ಏರಿಗೆ ಹಗ್ಗ ಕಟ್ಟಿಕೊಂಡು, ಅರವತ್ತಮೂರು ತೇಲುವ ಮನೆಗಳು. ಹಳೇ ದೋಣಿಯ ಮೇಲೆ ತಗಡು ಹೊದಿಸಿದ್ದು ಕೆಲವು. ಒಂದು ಮಾತ್ರ ಚಕ್ರ ಕಿತ್ತ ಬಸ್ಸು, ಕಂಡಕ್ಟರನ ಗಂಟೆ ಇನ್ನೂ ಇತ್ತು, ಅದೇ ಬಾಗಿಲ ಬೆಲ್ಲು. ಉಳಿದವೆಲ್ಲ ಮರದ ಕೋಣೆಗಳು. ಬಸ್ಸನ್ನೂ ಕೋಣೆಗಳನ್ನೂ ಕೂರಿಸಿದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ. ಆ ಡ್ರಮ್ಮುಗಳನ್ನು ಹುಡುಕಿ ತಂದು, ತೊಳೆದು, ಬಾಯಿ ಬಿಗಿದು, ಚೌಕಟ್ಟಿಗೆ ಕಟ್ಟಿ ನೀರಿಗೆ ಇಳಿಸುವುದೇ ಡ್ರಮ್ಮಕ್ಕನ ಕಸುಬು. ಡ್ರಮ್ಮಿನ ಬಾಯಿಗೆ ಮೂಗಿಟ್ಟು ಒಳಗೆ ಮುಂಚೆ ಎಣ್ಣೆ ಇತ್ತೋ ಆಸಿಡ್ ಇತ್ತೋ ಹೇಳುತ್ತಿದ್ದಳು. ಬೆರಳ ಗೆಣ್ಣಿನಿಂದ ಬಡಿದು ಬಿರುಕು ಎಲ್ಲಿದೆ ಅಂತ ತೋರಿಸುತ್ತಿದ್ದಳು. ಆದರೂ ನಂಬದೆ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದಾ ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು.

ಅಲ್ಲಿಗೆ ಬಂದವರನ್ನು ಯಾಕೆ ಬಂದೆ ಅಂತ ಯಾರೂ ಕೇಳಬಾರದು; ಅದೊಂದೇ ಅಲ್ಲಿಯ ಕಾನೂನು. ಮಕ್ಕಳ ಮನೆಯಲ್ಲಿ ಇರಲೊಪ್ಪದೆ ಬಂದ ಟೈಪಿಸ್ಟ್ ಅಜ್ಜಿ, ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವನು, ಕೆಲಸ ಕಳೆದುಕೊಂಡ ಡಿಸ್ಮಿಸ್ ಮೇಷ್ಟ್ರು, ಎರಡೂ ಮನೆಯವರು ಒಪ್ಪದಿದ್ದಕ್ಕೆ ಇಲ್ಲಿ ಬಂದು ಬಾಳುವೆ ಹೂಡಿದ ನಾಲ್ಕೈದು ಜೋಡಿ, ಆಸ್ಪತ್ರೆಯ ಬಟ್ಟೆ ಒಗೆಯುವ ಏಳೆಂಟು ಹೆಂಗಸರು. ಸಂಜೆ ಐದಕ್ಕೆ ಎಲ್ಲರೂ ಹೊರಗೆ ಬಂದು ನದಿ ಏರಿದೆಯೋ ಇಳಿದಿದೆಯೋ ನೋಡಿ ತಂತಮ್ಮ ಹಗ್ಗ ಸಡಿಲಿಸಬೇಕು, ಇಲ್ಲವೇ ಬಿಗಿಯಬೇಕು. ನಗರದವರು ಇವರನ್ನು 'ಕೊಳೆತವರು' ಅನ್ನುತ್ತಿದ್ದರು. ಇವರು ನಗರದವರನ್ನು 'ಒಣಗಿದವರು' ಅನ್ನುತ್ತಿದ್ದರು. ಏರಿಯ ಮೇಲೆ ಸಂಜೆ ವಾಕಿಂಗ್ ಬರುವ ಒಣಗಿದವರು ಕಸದ ಚೀಲ ಎಸೆದರೆ ನೇರ ಇವರ ತಗಡಿನ ಮೇಲೆ ಬೀಳುತ್ತಿತ್ತು. ಡ್ರಮ್ಮಕ್ಕ ಅದೇ ಚೀಲ ಹಿಡಿದು ಏರಿ ಹತ್ತಿ, ಎಸೆದವರ ಬೆನ್ನು ಹತ್ತಿ, ಅವರ ಮನೆ ಬಾಗಿಲಿಗೇ ಸುರಿದು ಬರುತ್ತಿದ್ದಳು.

ಏರಿಯ ಮೆಟ್ಟಿಲು ಇಳಿದರೆ ಸಿಗುವ ಮೊದಲ ಬೀದಿಯೇ ಅವಳು ಹುಟ್ಟಿ ಬೆಳೆದ ಬೀದಿ. ಅಪ್ಪ ಬೀಗ ರಿಪೇರಿಯವನು. ಬಾಗಿಲಗಲದ ಅಂಗಡಿ, ಗೋಡೆ ತುಂಬ ಮೊಳೆ, ಮೊಳೆಗೊಂದೊಂದು ಕೀಗೊಂಚಲು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಅರದಿಂದ ಕೀ ಉಜ್ಜುವ ಕೆಲಸವೆಲ್ಲ ಹತ್ತು ವರ್ಷದ ಮಗಳ ಕೈಗೆ ಬಂತು. ತಮ್ಮ ಶಾಲೆ ಮುಗಿಸಿ ಅಂಗಡಿಗೆ ಬಂದು ಕೂತ ದಿನ ಅಪ್ಪ ಬೋರ್ಡಿನ ಮೇಲೆ ಅವನ ಹೆಸರು ಬರೆಸಿದ. 'ನೀನು ಹೆಣ್ಣು, ಇವತ್ತೋ ನಾಳೆಯೋ ಹೋಗುವವಳು' ಅಂದ. ಅವಳು ಹೋಗಲಿಲ್ಲ. ಬಂದ ಎರಡು ಸಂಬಂಧವೂ ಅವಳ ಬಾಯಿಗೆ ಹೆದರಿ ಬಂದ ದಾರಿ ಹಿಡಿದವು. ಡ್ರಮ್ಮು ತೊಳೆಯುವ ಯಾರ್ಡಿನಲ್ಲಿ ಕೆಲಸ ಹಿಡಿದಳು. ಅಪ್ಪ ಸತ್ತ ವರ್ಷವೇ ತಮ್ಮನ ಮದುವೆಯಾಯಿತು. ಮನೆಗೆ ಬಂದ ಸೊಸೆಗೂ ಇವಳಿಗೂ ಎಣ್ಣೆ ಸೀಗೆಕಾಯಿ. ಒಂದು ದಿನ ಯಾರ್ಡಿನಿಂದ ಬಂದರೆ ಅವಳ ಟ್ರಂಕು ಜಗಲಿಯ ಮೇಲಿತ್ತು, ಬಾಗಿಲಿಗೆ ಹೊಸ ಬೀಗ. ಐದು ಲಿವರಿನ, ಅಂದರೆ ಒಳಗೆ ಐದು ಪಟ್ಟಿ ಎತ್ತಿದರೆ ತೆರೆಯುವ, ಸಾಧಾರಣ ಬೀಗ. ತಲೆಗೂದಲಿನ ಪಿನ್ನು ಸಾಕಿತ್ತು ಅವಳಿಗೆ. ಆದರೆ ತೆಗೆದು ಒಳಗೆ ಹೋದರೆ ಒಳಗಿರುವವರ ಮುಖ ನೋಡಬೇಕಲ್ಲ. ಟ್ರಂಕು ಹೆಗಲಿಗೇರಿಸಿ ಏರಿ ಹತ್ತಿ ಆ ಕಡೆ ಇಳಿದಳು. ಆಗ ಅಲ್ಲಿದ್ದದ್ದು ಏಳೇ ಮನೆ. ಆಮೇಲೆ ಹತ್ತೊಂಬತ್ತು ವರ್ಷ ಅಕ್ಕ ತಮ್ಮ ಮುಖ ಕೊಟ್ಟು ಒಂದು ಮಾತೂ ಆಡಲಿಲ್ಲ. ನಡುವೆ ಇದ್ದದ್ದು ಒಂದು ಏರಿ, ನಲವತ್ತೊಂದು ಮೆಟ್ಟಿಲು.

ಇಪ್ಪತ್ತನೇ ವರ್ಷ ಬೀದಿಯವರ ಸಂಘ ಮೆಟ್ಟಿಲ ತುದಿಗೆ ಕಬ್ಬಿಣದ ಗೇಟು ಹಾಕಿಸಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಆ ಎರಡು ಕಡೆಯವರ ಸಂಬಂಧ ಯಾವತ್ತೂ ಹಾಗೇ ಇತ್ತು. ಗೇಟು ಬಂದ ಮೇಲೆ ಅದು ಕಣ್ಣಿಗೇ ಕಾಣುವ ಹಾಗಾಯಿತು. ಬೀದಿಯಲ್ಲಿ ಎರಡು ಸೈಕಲ್ಲು ಕಳುವಾಗಿತ್ತು ಅನ್ನುವುದು ಕಾರಣ. ಕದ್ದವರು ಯಾರೋ, ಗೇಟು ಮಾತ್ರ ಇವರ ಮುಂದೆ. ಸಂಜೆ ಆರಕ್ಕೆ ಕಾವಲುಗಾರ ಬೀಗ ಜಡಿದು ಹೋದರೆ ತೆಗೆಯುವುದು ಮರುದಿನ ಬೆಳಿಗ್ಗೆ ಎಂಟಕ್ಕೆ. ಆಸ್ಪತ್ರೆಯ ಹೆಂಗಸರ ಪಾಳಿ ಸಂಜೆ ಏಳಕ್ಕೆ ಶುರು, ಹೊರಡುವುದು ಆರೂವರೆಗೆ. ಸಂಘದ ಅಧ್ಯಕ್ಷ ನಿವೃತ್ತ ಇಂಜಿನಿಯರು, ಗಟ್ಟಿ ಗಂಟಲಿನವನು. ಕೇಳಲು ಹೋದ ಟೈಪಿಸ್ಟ್ ಅಜ್ಜಿಗೆ, 'ನಿಮ್ಮನ್ನ ಅಲ್ಲಿಗೆ ಹೋಗಿ ಅಂತ ನಾವು ಹೇಳಿದ್ವಾ?' ಅಂದ.

ಮೊದಲ ದಿನ ಗೇಟಿನ ಮುಂದೆ ಏಳು ಹೆಂಗಸರು ಟಿಫಿನ್ ಡಬ್ಬಿ ಹಿಡಿದು ನಿಂತಿದ್ದರು. ಡ್ರಮ್ಮಕ್ಕ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. ಬೀಗ ಎತ್ತಿ ನೋಡಿದಳು. ಯಾರ ಕೈಕೆಲಸ ಅಂತ ತಿರುಗಿಸುವ ಮೊದಲೇ ಗೊತ್ತಾಯಿತು. ಕೀ ತೂತಿನ ಅಂಚನ್ನು ಹಾಗೆ ಉಜ್ಜಿ ನುಣುಪು ಮಾಡುವವನು ಈ ನಗರದಲ್ಲಿ ಒಬ್ಬನೇ, ಅವಳ ತಮ್ಮ. ಅವನಿಗೆ ಅದನ್ನು ಕಲಿಸಿದವಳು ಅವಳೇ. ಹಳೇ ಕೊಡೆಯ ಎರಡು ಕಡ್ಡಿ ತರಿಸಿ, ಬಗ್ಗಿಸಿ, ಒಲೆಯ ಮೇಲಿನ ಟೀ ಕುದಿ ಬರುವಷ್ಟು ಹೊತ್ತಿನಲ್ಲಿ ತೆಗೆದಳು. ಹೆಂಗಸರು ದಾಟಿ ಹೋದರು. ಬೀಗವನ್ನು ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಗೇಟಿನ ಕಂಬಿಗೆ ನೇತು ಹಾಕಿ ಹೋದಳು.

ಬೆಳಿಗ್ಗೆ ಕಾವಲುಗಾರ ಅದನ್ನು ತಮ್ಮನ ಅಂಗಡಿಗೆ ಒಯ್ದ. ಅವನು ಬೆರಳಿಗೆ ಹತ್ತಿದ ಎಣ್ಣೆ ನೋಡಿದ, ಒಂದು ಗೀರೂ ಇಲ್ಲದ ಬೀಗ ನೋಡಿದ. ಎರಡನೇ ಬೀಗಕ್ಕೆ ಏಳು ಲಿವರು ಹಾಕಿದ. ಅದು ಎರಡು ಸಂಜೆ ತಡೆಯಿತು. ಮೂರನೆಯದಕ್ಕೆ ಒಳಗೊಂದು ಸುಳ್ಳು ಲಿವರು ಇಟ್ಟಿದ್ದ. ಸರಿಯಾಗಿ ಎತ್ತಿದೆವು ಅಂದುಕೊಂಡಾಗಲೇ ಎಲ್ಲವೂ ಜಾರಿ ಕೆಳಗೆ ಬೀಳಬೇಕು. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಆಸ್ಪತ್ರೆಯ ಹೆಂಗಸರು ಗೇಟು ಹತ್ತಿ ಹಾರಿದರು, ಒಬ್ಬಳ ಕಾಲು ಉಳುಕಿತು. ಡ್ರಮ್ಮಕ್ಕ ಗೇಟಿನ ಬುಡದಲ್ಲಿ ಕೂತು ತಮ್ಮನಿಗೆ, ಅವನ ಮನೆತನಕ್ಕೆ, ಅಂದರೆ ತನ್ನದೇ ಮನೆತನಕ್ಕೆ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಹತ್ತನೇ ಸಂಜೆ ಬೀಗ 'ಟಕ್' ಅಂದಾಗ ಅವಳ ಮುಖದಲ್ಲಿ ಏನೋ ಒಂದು ಬಂದು ಹೋಯಿತು ಅಂತ ಕಹಳೆಯವನು ಆಮೇಲೆ ಹೇಳುತ್ತಿದ್ದ. 'ಖುಷಿ ಅಲ್ಲ. ಎಷ್ಟು ಚೆನ್ನಾಗಿ ಮಾಡಿದಾನೆ ದರಿದ್ರದವನು, ಅನ್ನೋ ತರ.'

ನಾಲ್ಕನೇ ಬೀಗವೂ ತೆರೆದ ಮೇಲೆ ಬೀದಿಯಲ್ಲಿ ಗುಸುಗುಸು ಎದ್ದಿತು. ಕೀ ಇಲ್ಲದೆ ಇಂಥ ಬೀಗ ತೆಗೆಯೋಕೆ ಆಗುತ್ತಾ? ಎಷ್ಟಾದರೂ ಒಡಹುಟ್ಟಿದವರು, ಹಗಲು ಹಾವು ಮುಂಗುಸಿ ಆಟ, ಹಿಂದಿನಿಂದ ಕೀ ವ್ಯಾಪಾರ. ಬೀದಿಯವರು ತಮ್ಮನ ಅಂಗಡಿಗೆ ಬರುವುದು ನಿಲ್ಲಿಸಿದರು. ಬೀಗದವನ ಮೇಲಿನ ನಂಬಿಕೆ ಹೋದರೆ ಅವನ ಕೈಯಲ್ಲಿ ಉಳಿಯುವುದು ಕಬ್ಬಿಣದ ತುಂಡು. ಅವನಲ್ಲಿ ಕೀ ಮಾಡಿಸಿದ್ದವರು ಮನೆಯ ಬೀಗವನ್ನೇ ಬದಲಾಯಿಸಿದರು, ಅವನ ಅಂಗಡಿಯ ಮುಂದೆಯೇ ಹೊಸದನ್ನು ಕೈಯಲ್ಲಿ ಹಿಡಿದುಕೊಂಡು ನಡೆದರು.

ಒಂದು ಭಾನುವಾರ ಬೆಳಿಗ್ಗೆ ಡ್ರಮ್ಮಕ್ಕ ಏರಿಯ ಇಳಿಜಾರಿನಲ್ಲಿ ಡ್ರಮ್ಮು ಒಣಗಲು ಇಡುತ್ತಿದ್ದಾಗ ಮೇಲೆ ಗೇಟಿನ ಹತ್ತಿರ ಒಬ್ಬ ಬಂದು ನಿಂತ. ತಲೆಯ ಮುಂಭಾಗ ಬೋಳಾಗಿತ್ತು, ಅಪ್ಪನದೇ ಬೋಳು. ಒಂದು ಕ್ಷಣ ಅವಳಿಗೆ ಗುರುತು ಹತ್ತಲಿಲ್ಲ, ಹತ್ತಿದ ಮೇಲೂ ಅವಳು ಕೆಲಸ ಬಿಡಲಿಲ್ಲ.

'ನಿನ್ನಿಂದ ನನ್ನ ಅನ್ನಕ್ಕೆ ಕಲ್ಲು ಬಿತ್ತು,' ಅಂದ ತಮ್ಮ.

'ಇಪ್ಪತ್ತು ವರ್ಷಕ್ಕೆ ಬಾಯಿ ಬಂತು, ಬಂದಿದ್ದು ಇದಕ್ಕಾ?'

'ನಾನು ಕೀ ಕೊಟ್ಟಿದೀನಿ ಅಂತಾರೆ.'

'ಅಂದ್ರೆ ಅನ್ನಲಿ. ಕೊಟ್ಟಿಲ್ಲ ಅಂತ ನಂಗೆ ಗೊತ್ತು. ನೀನು ಯಾರಿಗೆ ಏನು ಕೊಟ್ಟಿದೀಯ ಜನ್ಮದಲ್ಲಿ.'

ಅವನು ಗೇಟಿನ ಕಂಬಿ ಹಿಡಿದ. 'ಸಂಘದ ಮೀಟಿಂಗ್ ಇದೆ. ಬಂದು ಎಲ್ಲರ ಮುಂದೆ ತೆಗೆದು ತೋರಿಸು. ಕೀ ಇಲ್ಲದೆ ತೆಗೀತೀಯ ಅಂತ ಅವರು ಕಣ್ಣಾರೆ ನೋಡಲಿ. ಅಷ್ಟು ಮಾಡು.'

ಅವಳು ಸೊಂಟಕ್ಕೆ ಕೈ ಇಟ್ಟು ನಿಂತಳು. ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಮನಸ್ಸಿನಲ್ಲಿ ಬಹಳ ವರ್ಷದಿಂದ ಒಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತ್ತು, ಅವನು ಬಂದು ಅದನ್ನೇ ಕೆದಕಿದ್ದ.

'ತೋರಿಸ್ತೀನಿ. ಆದ್ರೆ ನೀನೂ ಎದ್ದು ನಿಂತು ಒಂದು ಮಾತು ಹೇಳಬೇಕು. ಬೀಗದ ಕೆಲಸ ನಮ್ಮಕ್ಕ ಅಪ್ಪನ ಹತ್ರ ಕಲಿತಳು, ನಾನು ಅವಳ ಹತ್ರ ಕಲಿತೆ ಅಂತ.'

'ಆಯ್ತು, ಹೇಳ್ತೀನಿ,' ಅಂದ. ಬೇಗ ಅಂದ.

ಡಿಸ್ಮಿಸ್ ಮೇಷ್ಟ್ರು ಬೇಡ ಅಂದರು. 'ಬಲೆ ಇದ್ದ ಹಾಗಿದೆ ಅಕ್ಕ. ಮೀನು ತಾನಾಗಿ ಹೋಗಿ ಬೀಳಬಾರದು.' ಅವಳು ಕೇಳಲಿಲ್ಲ. ಮೀಟಿಂಗಿನ ದಿನ ಒಗೆದ ಸೀರೆ ಉಟ್ಟು, ಉಗುರಿನ ಸಂದಿಯ ಕಪ್ಪು ತಿಕ್ಕಿ ತಿಕ್ಕಿ ತೆಗೆದು ಹೋದಳು.

ಸಂಘದ ಹಾಲಿನಲ್ಲಿ ಕುರ್ಚಿಯೆಲ್ಲ ತುಂಬಿತ್ತು. ಯಾರೂ ಅವಳಿಗೆ ಕೂರಲು ಹೇಳಲಿಲ್ಲ. ಮೇಜಿನ ಮೇಲೆ ಐದನೇ ಬೀಗ, ಹೊಸದು, ಮುಚ್ಚಿತ್ತು; ಕೀ ಅಧ್ಯಕ್ಷನ ಜೇಬಿನಲ್ಲಿ. ಅವಳು ನಿಂತೇ ಕೆಲಸ ಶುರು ಮಾಡಿದಳು. ಹಿಂದಿನ ಸಾಲಿನಲ್ಲಿ ಯಾರೋ 'ವಾಸನೆ' ಅಂದರು, ನಾಲ್ಕು ಜನ ನಕ್ಕರು. ಐದು ನಿಮಿಷ, ಆರು ನಿಮಿಷ. ಕೊಕ್ಕೆ ನೆಗೆದು ಹೊರಗೆ ಬಂತು.

ತಮ್ಮ ಎದ್ದು ನಿಂತ. 'ಇದು ನಾನು ಮಾಡಿದ ಬೀಗ. ಕೀ ಇಲ್ಲದೆ ಹೇಗೆ ತೆಗೆದಳು ಅಂತ ಎಲ್ಲರೂ ನೋಡಿದ್ರಿ. ನಾನು ಯಾರಿಗೂ ಕೀ ಕೊಟ್ಟವನಲ್ಲ.'

ಅವಳು ಉಳಿದ ಮಾತಿಗೆ ಕಾದಳು. ಅವನು ಕೂತ. ಕೂತು, ಶರಟಿನ ತೋಳು ಸರಿ ಮಾಡಿಕೊಂಡ. ಅವಳು ಇನ್ನೂ ಕಾಯುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇಬ್ಬರು ಎದ್ದು ಬಂದರು, ಮಫ್ತಿಯಲ್ಲಿದ್ದ ಪೊಲೀಸರು. ಅಧ್ಯಕ್ಷ ಒಂದು ಕಾಗದ ಮುಂದಿಟ್ಟು ಓದಿದ: ನಾಲ್ಕು ಸಲ ಗೇಟಿನ ಬೀಗ ಮುರಿದವಳು ಇವಳೇ ಅಂತ ಇಷ್ಟು ಜನರ ಎದುರು ರುಜುವಾತಾಗಿದೆ. ಸಾಕ್ಷಿಯ ಸಹಿ ಮೊದಲು ಬೀಗದವನದು ಆಗಲಿ, ಅಂದ. ತಮ್ಮ ಕಾಗದ ನೋಡಿದ, ಅಧ್ಯಕ್ಷನನ್ನು ನೋಡಿದ. ಅಕ್ಕನ ಕಡೆ ಮಾತ್ರ ತಿರುಗಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದ.

'ಮುರಿದಿಲ್ಲ,' ಅಂದಳು ಡ್ರಮ್ಮಕ್ಕ ಪೊಲೀಸರಿಗೆ. 'ಒಂದನ್ನೂ ಮುರಿದಿಲ್ಲ. ತೆಗೆದಿದೀನಿ.' ಅದೊಂದೇ ಅವಳು ಆಡಿದ ಮಾತು. ಬೈಗುಳದಲ್ಲಿ ಊರನ್ನೇ ಗುಡಿಸುತ್ತಿದ್ದವಳಿಗೆ ಆವತ್ತು ಒಂದು ಬೈಗುಳವೂ ಹೊಳೆಯಲಿಲ್ಲ.

ಹದಿಮೂರು ದಿನ ಒಳಗಿದ್ದಳು. ಟೈಪಿಸ್ಟ್ ಅಜ್ಜಿ ದಿನಕ್ಕೊಂದು ಅರ್ಜಿ ಟೈಪು ಮಾಡಿ ಕಚೇರಿಯಿಂದ ಕಚೇರಿಗೆ ಅಲೆದಳು. ಕೊನೆಗೆ ಆ ಬೀದಿಗೆ ಇನ್ನು ಕಾಲಿಡುವುದಿಲ್ಲ ಅಂತ ಬರೆಸಿಕೊಂಡು ಬಿಟ್ಟರು. ಅವಳು ಬರುವಷ್ಟರಲ್ಲಿ ಸಂಘ ಬೀಗದ ತಂಟೆಯೇ ಬೇಡವೆಂದು ಗೇಟಿಗೆ ಬೆಸುಗೆ ಹಾಕಿಸಿತ್ತು. ತಮ್ಮನ ಅಂಗಡಿಗೆ ಗಿರಾಕಿಗಳು ವಾಪಸು ಬಂದಿದ್ದರು.

ಮನೆಗೆ ಬಂದರೆ ಅಲ್ಲೂ ಅವಳಿಗಾಗಿ ಒಂದು ಮೀಟಿಂಗ್ ಕಾಯುತ್ತಿತ್ತು. ಬೆಸುಗೆ ಬಿದ್ದ ಮೇಲೆ ನಗರಕ್ಕೆ ಹೋಗಲು ಕೆಸರಿನಲ್ಲಿ ಅರ್ಧ ಗಂಟೆ ಸುತ್ತಬೇಕಾಗಿತ್ತು. ಉಳಿದವರೆಲ್ಲ ಮನೆಗಳ ನಡುವೆ ಇದ್ದ ದೊಡ್ಡ ತೆಪ್ಪದ ಮೇಲೆ ಸೇರಿದ್ದರು. ಕಾಲು ಉಳುಕಿಸಿಕೊಂಡಿದ್ದ ಆಸ್ಪತ್ರೆಯವಳೇ ಮೊದಲು ಬಾಯಿ ಬಿಟ್ಟಳು. 'ಸುಮ್ಮನೆ ಕೇಳಿಕೊಂಡು ಕೈ ಮುಗಿದಿದ್ರೆ ಏಳು ಗಂಟೆವರೆಗಾದ್ರೂ ತೆರೆದಿಡ್ತಿದ್ರು. ನಿಮ್ಮ ಅಕ್ಕ ತಮ್ಮನ ಜಿದ್ದಿಗೆ ನಮ್ಮ ದಾರಿ ಹೋಯ್ತು.'

ಕಹಳೆಯವನು ನೆಲ ನೋಡುತ್ತ, 'ಅವರು ಹೇಳ್ತಿದಾರೆ, ನೀನೊಬ್ಬಳು ಇಲ್ಲಿಂದ ಹೋದ್ರೆ ಗೇಟು ತೆಗೆಸ್ತಾರಂತೆ,' ಅಂದ.

'ಯಾರು ಹೇಳಿದ್ದು?'

'ಅಧ್ಯಕ್ಷರು.'

'ನೀನು ಹೋಗಿ ಕೇಳಿಕೊಂಡು ಬಂದ್ಯಾ?'

ಡ್ರಮ್ಮಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಲ್ಲಿ ಅರ್ಧಕ್ಕರ್ಧ ಜನ ಮಳೆಯಲ್ಲಿ ಟ್ರಂಕು ಹೊತ್ತು ಬಂದಾಗ ಹಗ್ಗ ಎಸೆದವಳು ಅವಳು.

'ಹೋಗ್ತೀನಿ,' ಅಂದಳು. 'ನನ್ನ ಸಾಮಾನು ಬಿಚ್ಚಿ ಕೊಡಿ. ಈ ತೆಪ್ಪದ ಕೆಳಗೆ ಮೂವತ್ತಾರು ಡ್ರಮ್ಮು ನಂದು. ನಿನ್ನ ಮನೆ ಕೆಳಗೆ ಹದಿನೆಂಟು. ಆ ಬಸ್ಸಿನ ಕೆಳಗೆ ನಲವತ್ತು. ಬಿಚ್ಚಿ. ನಾನೂ ಕೈ ಹಾಕ್ತೀನಿ.'

ಅಂದವಳೇ ಮಂಡಿಯೂರಿ ತೆಪ್ಪದ ಅಂಚಿನ ಮೊದಲ ಗಂಟಿಗೆ ಕೈ ಹಾಕಿದಳು. ಅದು ಬೆದರಿಕೆಯ ಮಾತಲ್ಲ ಅಂತ ಅವಳ ಬೆರಳು ನೋಡಿದವರಿಗೆಲ್ಲ ಗೊತ್ತಾಯಿತು. ಗಂಟು ಅರ್ಧ ಬಿಚ್ಚಿದಾಗ ಡಿಸ್ಮಿಸ್ ಮೇಷ್ಟ್ರು ಬಂದು ಅವಳ ಪಕ್ಕ ಕೂತರು. 'ಅಕ್ಕ, ನಂಗೆ ಈಜು ಬರಲ್ಲ,' ಅಂದರು. ಯಾರೋ ಒಬ್ಬರು ನಕ್ಕರು. ಅವಳು ನಗಲಿಲ್ಲ. ಗಂಟನ್ನು ಮತ್ತೆ ಬಿಗಿದು, ಎದ್ದು, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗು ಅನ್ನುವ ಮಾತು ಆಮೇಲೆ ಬರಲಿಲ್ಲ. ಕ್ಷಮಿಸು ಅಂತಲೂ ಯಾರೂ ಅನ್ನಲಿಲ್ಲ.

ನಾಲ್ಕನೇ ದಿನ ಅವಳು ನದಿಯ ಮೇಲ್ಗಡೆ ದೋಣಿ ನಡೆಸಿಕೊಂಡು ಹೋಗಿ ಬಂದಳು. ಅಲ್ಲಿ ಏರಿಯನ್ನು ಕೊರೆದು ಮಾಡಿದ ಹಳೇ ಕಲ್ಲುಕಟ್ಟೆಯೊಂದಿತ್ತು, ಮರಳು ತುಂಬುವ ಲಾರಿಗಳು ನಗರದ ರಸ್ತೆಯಿಂದ ನೀರಿಗೆ ಇಳಿಯುವ ಜಾಗ. ಅದು ಬೇರೆ ಇಲಾಖೆಗೆ ಸೇರಿದ್ದು, ಸಂಘದ ಗೇಟು ಅಲ್ಲಿಗೆ ಬರುವಂತಿರಲಿಲ್ಲ. ಮನೆಗಳಿಂದ ಅಲ್ಲಿಯವರೆಗೆ ಏರಿಯ ಮಗ್ಗುಲಿಗೇ ನೀರಿನ ಮೇಲೆ ತೇಲುವ ದಾರಿ ಹಾಕುವುದು ಅಂತ ಅವಳು ನಿಶ್ಚಯಿಸಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಎರಡು ಡ್ರಮ್ಮು ಅಡ್ಡಕ್ಕೆ, ಮೇಲೆ ಹಲಗೆ, ಮತ್ತೆರಡು ಡ್ರಮ್ಮು. ಮೂರು ವಾರ ಒಬ್ಬಳೇ ಎಳೆದಳು. ನಾಲ್ಕನೇ ವಾರ ಕಾಲು ಉಳುಕಿದವಳು ಬಂದು ಮಾತಿಲ್ಲದೆ ಹಲಗೆಯ ಇನ್ನೊಂದು ತುದಿ ಹಿಡಿದಳು. 'ನೆಟ್ಟಗೆ ಹಿಡಿ,' ಅಂದಳು ಡ್ರಮ್ಮಕ್ಕ. ಅದರ ಮಾರನೇ ದಿನ ಹತ್ತು ಜನ ಬಂದರು, ಹತ್ತೂ ಜನಕ್ಕೆ ಬೈಗುಳ ಸಿಕ್ಕಿತು.

ದಾರಿ ಮುಗಿದ ಹದಿನೈದು ದಿನಕ್ಕೆ ಯಾರೋ ಹಗ್ಗ ಕೊಯ್ದರು. ಐವತ್ತು ಮಾರು ದಾರಿ ಹೊಳೆಯಲ್ಲಿ ತೇಲಿಕೊಂಡು ಹೋಯಿತು. ಮತ್ತೆ ಕಟ್ಟಿದರು. ಮತ್ತೆ ಕೊಯ್ದರು. ಮೂರನೇ ಸಲ ಅವಳು ಲಾರಿಯವರಿಂದ ಸವೆದ ಸರಪಳಿ ಇಸಕೊಂಡು ಬಂದು ಕಟ್ಟಿದಳು. ಸರಪಳಿ ಕೊಯ್ಯಲು ಬಂದವರು ಗರಗಸ ಮುರಿದುಕೊಂಡು ಹೋದರು. ಇಲಾಖೆಯವರು ಬಂದು ಅಳೆದರು, ಫೋಟೋ ತೆಗೆದರು, ನೋಟಿಸು ಅಂಟಿಸಿದರು. ಟೈಪಿಸ್ಟ್ ಅಜ್ಜಿ ಉತ್ತರ ಬರೆದಳು. ಆ ಪತ್ರ ವ್ಯವಹಾರ ಇನ್ನೂ ಮುಗಿದಿಲ್ಲ.

ಮೂರು ವರ್ಷದ ನಂತರ ತಮ್ಮ ಕಲ್ಲುಕಟ್ಟೆಯ ಹತ್ತಿರ ಬಂದು ನಿಂತ. ಆಸ್ಪತ್ರೆಯಿಂದ ಬರುತ್ತಿದ್ದ ಹೆಂಗಸೊಬ್ಬಳ ಕೈಲಿ ಅಕ್ಕನಿಗೆ ಹೇಳಿ ಕಳಿಸಿದ. ಡ್ರಮ್ಮಕ್ಕ ಅವನಿಂದ ನಾಲ್ಕು ಹಲಗೆ ದೂರದವರೆಗೆ ಬಂದು ನಿಂತಳು. ಅವನು ದಾರಿಯ ಮೇಲೆ ಕಾಲಿಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದಿದ್ದ, ಬಿಟ್ಟರೆ ನಡುಗುತ್ತಿತ್ತು.

'ಪೊಲೀಸರು ಇರ್ತಾರೆ ಅಂತ ನನಗೆ ಗೊತ್ತಿರಲಿಲ್ಲ,' ಅಂದ.

'ಇರಬಹುದು.'

'ನಿಜವಾಗ್ಲೂ ಗೊತ್ತಿರಲಿಲ್ಲ.'

'ಇರಬಹುದು ಅಂದ್ನಲ್ಲ. ಪೊಲೀಸರನ್ನ ನೀನು ಕರೆದಿಲ್ಲ. ಆ ಒಂದು ಮಾತು ಹೇಳಬೇಕಿತ್ತಲ್ಲ, ಅದನ್ನ ಯಾರು ತಡೆದ್ರು?'

ಅವನು ನೀರು ನೋಡಿದ. 'ಅಷ್ಟು ಜನರ ಮುಂದೆ ಹೇಗೆ ಹೇಳಲಿ ಅಕ್ಕ. ನಾನು ಅಂಗಡಿ ನಡೆಸಬೇಕಲ್ಲ.'

'ನಡೆಸು,' ಅಂದಳು.

ಅವನು ಇನ್ನೇನೋ ಕೇಳಲು ಬಂದಿದ್ದ ಅನ್ನುವುದು ಆ ಕೈ ನೋಡಿದಾಗಲೇ ಅವಳಿಗೆ ಗೊತ್ತಾಗಿತ್ತು. ನಡುಗುವ ಕೈಗೆ ಲಿವರು ಕೂರಿಸಲು ಬರುವುದಿಲ್ಲ, ಅಂಗಡಿಗೆ ಅವಳ ಕೈ ಬೇಕಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಬೆನ್ನು ತಿರುಗಿಸಿದಳು. ಮೆಲ್ಲಗೆ ನಡೆದಳು, ಕೂಗಿದರೆ ಕೇಳಿಸುವಷ್ಟು ದೂರ ದಾಟುವವರೆಗೂ ಮೆಲ್ಲಗೇ ನಡೆದಳು. ಅವನು ಕೂಗಲಿಲ್ಲ. ಆವತ್ತು ಮಧ್ಯಾಹ್ನ ಮೂರು ಡ್ರಮ್ಮಿನ ಮುಚ್ಚಳವನ್ನು ವಿಪರೀತ ಬಿಗಿದು ಮೂರನ್ನೂ ಸೀಳಿದಳು. ಜನ್ಮದಲ್ಲಿ ಹಾಗೆ ಮಾಡಿದವಳಲ್ಲ. ಮೇಷ್ಟ್ರು ಏನಾಯಿತು ಅಂತ ಕೇಳಿದ್ದಕ್ಕೆ, 'ಮಾಲು ಸರಿ ಇಲ್ಲ,' ಅಂದಳು.

ಮರುವರ್ಷ ತಮ್ಮನ ಅಂಗಡಿ ಮುಚ್ಚಿತು, ಅಲ್ಲೀಗ ಮೊಬೈಲಿನ ಗಾಜು ಬದಲಾಯಿಸುವವನು ಕೂರುತ್ತಾನೆ ಅಂತ ಆಸ್ಪತ್ರೆಯ ಹೆಂಗಸರು ಸುದ್ದಿ ತಂದರು. ಡ್ರಮ್ಮಕ್ಕ ಕೇಳಿಸಿಕೊಂಡಳು, ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

ಅವಳಿಗೀಗ ಅರವತ್ತೆರಡು. ಮನೆಗಳು ತೊಂಬತ್ತು ದಾಟಿವೆ. ಬೇಸಿಗೆಯಲ್ಲಿ ನದಿ ಸಣ್ಣಗಾದಾಗ ಒಣಗಿದವರೂ ಕಲ್ಲುಕಟ್ಟೆಯಿಂದ ಇಳಿದು ಅವಳ ದಾರಿಯಲ್ಲಿ ಗಾಳಿ ಸೇವನೆಗೆ ಬರುತ್ತಾರೆ, ಇಬ್ಬಿಬ್ಬರು ಮೂವರು ಜೊತೆಯಾಗಿ, ಹಲಗೆ ಅಲುಗಾಡಿದರೆ ನಗುತ್ತ. ಡ್ರಮ್ಮಕ್ಕ ತನ್ನ ಮನೆಯ ಮುಂದಿನಿಂದಲೇ ಅವರ ಮೇಲೆ ಹರಿಹಾಯುತ್ತಾಳೆ. 'ಒಬ್ಬೊಬ್ಬರಾಗಿ ನಡೀರಿ. ನಿಮ್ಮಪ್ಪ ಹಾಕಿಸಿದ ರಸ್ತೆ ಅಂದ್ಕೊಂಡ್ರಾ.' ಅವರು ಗೊಣಗಿಕೊಂಡು ಸಾಲಾಗಿ ನಡೆಯುತ್ತಾರೆ.